ಕೆಲಸ ಬಿಟ್ಟು ಜಮೀನಿನಲ್ಲಿ ಸೋಲಾರ್, ಮಳೆನೀರು ನಂಬಿಕೊಂಡು ಬದುಕಲು 30 ಲಕ್ಷ ಸಾಕಾಗುತ್ತಾ?

ಸಾಕಾಗುತ್ತದೆ, ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಮೀನಿಗೆ ಹಾಕಬೇಡಿ. ನೀವು ಗಂಡ ಹೆಂಡತಿ ಇಬ್ಬರೇ ಅಂತ ಬರೆದಿದ್ದೀರಿ, ನಾವೂ ಹಾಗೇ. ಬಾಗೇಪಲ್ಲಿ ಕಡೆ ಆರು ವರ್ಷದಿಂದ ಇದ್ದೇವೆ.

ನಾವು ಕೂಡಿಟ್ಟ ದುಡ್ಡನ್ನೆಲ್ಲ ಜಮೀನಿಗೇ ಸುರಿದೆವು, ನೀರಿಗೆ ಅಂತ ಸ್ವಲ್ಪವೇ ಉಳಿದಿತ್ತು. ಮೊದಲ ಬೋರು 1,150 ಅಡಿ ಹೋಯಿತು, ಬರೀ ಧೂಳು. ಬೋರ್ ಲಾರಿಯವರದು ಅಡಿ ಲೆಕ್ಕ, ಆಳಕ್ಕೆ ಹೋದ ಹಾಗೆ ಅಡಿಯ ರೇಟೂ ಏರುತ್ತದೆ, ಕೇಸಿಂಗ್ ಪೈಪಿನ ದುಡ್ಡು ಬೇರೆ, ನೀರು ಬರಲಿ ಬಿಡಲಿ ಕೊಡಲೇಬೇಕು. ಅವತ್ತು ನನ್ನ ಹೆಂಡತಿಯ ಬಳೆ ಅಡ ಇಟ್ಟು ಕೊಟ್ಟೆ.

ಆಮೇಲೆ ನಮ್ಮನ್ನು ಉಳಿಸಿದ್ದು ಮಳೆನೀರು ತುಂಬಿಡುವ ಸಂಪು. ಲೆಕ್ಕ ನೋಡಿ. ಸಾವಿರ ಚದರಡಿ ತಾರಸಿ, ವರ್ಷಕ್ಕೆ 650 ಮಿಲಿಮೀಟರ್ ಮಳೆ ಅಂದರೆ ಸುಮಾರು 60 ಸಾವಿರ ಲೀಟರ್. ಹರಿದು ಆವಿಯಾಗಿ ಹೋದದ್ದು ಕಳೆದರೂ 48 ಸಾವಿರ ಕೈಗೆ ಸಿಗುತ್ತದೆ. ದಿನಕ್ಕೆ ನೂರು ಲೀಟರ್‌ನಲ್ಲಿ ಇಬ್ಬರು ಬದುಕಿದರೆ ವರ್ಷಕ್ಕೆ ಬೇಕಾಗುವುದು 36,500 ಲೀಟರ್. ಮಳೆಯಿಲ್ಲದ ತಿಂಗಳುಗಳಿಗೆ ಕೂಡಿಡಬೇಕಲ್ವಾ, ಅದಕ್ಕೇ ಸಂಪು ದೊಡ್ಡದೇ ಕಟ್ಟಿಸಿ. ನಮ್ಮ ಕಡೆ ಆಳದ ಬೋರಿನ ನೀರಲ್ಲಿ ಫ್ಲೋರೈಡ್ ಕಾಟ ಇದೆ, ಹಾಗಾಗಿ ಕುಡಿಯಲಿಕ್ಕೂ ನಾವು ಮಳೆನೀರನ್ನೇ ಸೋಸಿ ಕಾಯಿಸಿಕೊಳ್ಳುತ್ತೇವೆ.

ಸೋಲಾರ್‌ನಲ್ಲಿ ಪ್ಯಾನೆಲ್ 25 ವರ್ಷ ಬರುತ್ತದೆ, ಟ್ಯೂಬ್ಯುಲರ್ ಬ್ಯಾಟರಿ ಐದು ವರ್ಷ ಬಂದರೆ ಹೆಚ್ಚು. ಅದಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಬೇರೆ ಖಾತೆಗೆ ಹಾಕಿ, ಆ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಸಬ್ಸಿಡಿ ಕರೆಂಟ್ ಲೈನಿಗೆ ಸೇರಿಸಿದ ಸೋಲಾರ್‌ಗೆ ಮಾತ್ರ, ಲೈನ್ ಇಲ್ಲದೆ ಬರೀ ಬ್ಯಾಟರಿ ಮೇಲೆ ನಡೆಯುವುದಕ್ಕೆ ಸಿಗಲ್ಲ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬೇಡಿ.

ರಾಜೀನಾಮೆ ಕೊಡುವ ಮುಂಚೆಯೇ ಸ್ವಂತ ಆರೋಗ್ಯ ವಿಮೆ ಮಾಡಿಸಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಬಿಪಿ, ಶುಗರ್ ಇದ್ದರೆ ಅದಕ್ಕೆ ಕವರ್ ಸಿಗಲು ಮೂರು ವರ್ಷದ ತನಕ ಕಾಯಿಸುತ್ತಾರೆ, ಆ ಕಾಯುವಿಕೆ ಸಂಬಳ ಬರುತ್ತಿರುವಾಗಲೇ ಮುಗಿಯಲಿ. ಜೊತೆಗೆ ಎರಡು ವರ್ಷದ ಮನೆಖರ್ಚು ಎಫ್‌ಡಿಯಲ್ಲಿರಲಿ. ಮೊದಲ ಎರಡು ವರ್ಷ ತೋಟದಿಂದ ಏನೂ ಬರಲ್ಲ ಅಂತಲೇ ಲೆಕ್ಕ ಹಾಕಿ.

ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪಹಣಿ, ಇಸಿ (ಜಮೀನಿನ ಮೇಲೆ ನಡೆದ ಕ್ರಯ, ಸಾಲದ ದಾಖಲೆ) ನೋಡಿ ಸುಮ್ನೆ ಆಗಬೇಡಿ, ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ತಾಲ್ಲೂಕು ಕಚೇರಿಯಲ್ಲಿ ಮೂಲ ದಾಖಲೆ ತೆಗೆಸಿ. ಸರ್ಕಾರದ ಅನುಮತಿ ಇಲ್ಲದೆ ಅಂಥದ್ದನ್ನು ಕೊಂಡರೆ ಇಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ, ದುಡ್ಡೂ ಹೋಗುತ್ತದೆ, ಜಮೀನೂ ಹೋಗುತ್ತದೆ.

ಅಡ್ವಾನ್ಸ್ ಕೊಡುವ ಮುಂಚೆ ಮಾರ್ಚ್‌ನಿಂದ ಮೇ ತನಕ ಅದೇ ಊರಲ್ಲಿ ಬಾಡಿಗೆಗೆ ಇದ್ದು ನೋಡಿ. ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಪಕ್ಕದ ತೋಟದವರ ಬೋರು ಎಷ್ಟು ಅಡಿ, ಅದರಲ್ಲಿ ಮೇನಲ್ಲೂ ನೀರಿದೆಯಾ ಅಂತ ಕೇಳಿ ಬರೆದಿಟ್ಟುಕೊಳ್ಳಿ.