ಅಣೆಕಟ್ಟು ಕಂಪನಿಯದು, ನದಿ ಎಲ್ಲರದು

ಪ್ರಶ್ನೆ: ಖಾಸಗಿಯವರು ಕಟ್ಟಿದ ಅಣೆಕಟ್ಟನ್ನು ಸರ್ಕಾರ ದೋಣಿ ಸಂಚಾರಕ್ಕೆ ತೆಗೆದುಕೊಂಡರೆ ಕಲ್ಲು, ಮರದ ಬೆಲೆ ಕೊಟ್ಟರೆ ಸಾಕಾ? ನದಿ ಎಲ್ಲರದೂ ಅಲ್ವಾ?

ಉತ್ತರ: ಸಾಲದು. ಕಾನೂನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನಾನು ಅಮೆರಿಕದ ಒಂದು ಮೊಕದ್ದಮೆ ಹೇಳುತ್ತಿದ್ದೆ. ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ನದಿಗೆ ಒಂದು ಕಂಪನಿ ಸಾಲಾಗಿ ಅಣೆಕಟ್ಟು ಕಟ್ಟಿ, ಒಂದೊಂದಕ್ಕೂ ಲಾಕ್ ಇಟ್ಟಿತ್ತು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ದೊಡ್ಡ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಮೇಲೇರಿ ಅಣೆಕಟ್ಟು ದಾಟುತ್ತದೆ. ದಾಟಿದ್ದಕ್ಕೆ ಸುಂಕ. ಆ ಹಕ್ಕು ಕೊಟ್ಟದ್ದು ರಾಜ್ಯ. 7ನೇ ಅಣೆಕಟ್ಟನ್ನಂತೂ ಕಂಪನಿ ಕಟ್ಟಿದ್ದೇ ಅಮೆರಿಕ ಸರ್ಕಾರದ ಒತ್ತಾಸೆಯಿಂದ.

1888ರಲ್ಲಿ ಅಲ್ಲಿನ ಸಂಸತ್ತು ಅದನ್ನೇ ತೆಗೆದುಕೊಳ್ಳಲು ಕಾನೂನು ಮಾಡಿತು. ಬೆಲೆ ಕಟ್ಟುವಾಗ ಸುಂಕದ ಹಕ್ಕನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತಲೂ ಬರೆಯಿತು. ಕಟ್ಟು ಅಂತ ಹೇಳಿದವರೇ ಹೀಗೆ ಮಾಡಿದ್ದು ನನಗೆ ಇಂದಿಗೂ ಅನ್ಯಾಯ ಅನ್ನಿಸುತ್ತದೆ. ಕೆಳಗಿನ ಕೋರ್ಟು 2,09,000 ಡಾಲರ್ ಬೆಲೆ ಕಟ್ಟಿತು. 1893ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಡೇವಿಡ್ ಬ್ರೂವರ್. ಸರ್ಕಾರ ಆಸ್ತಿ ತೆಗೆದುಕೊಳ್ಳಬಹುದು, ಆದರೆ ನ್ಯಾಯವಾದ ಬೆಲೆ ಯಾವುದು ಅಂತ ಹೇಳುವುದು ಕೋರ್ಟಿನ ಕೆಲಸ, ಸುಂಕದ ಹಕ್ಕಿಗೂ ಪರಿಹಾರ ಕೊಡಲೇಬೇಕು ಅಂದರು.

ಹಾಗಂತ ನಿಮ್ಮ ಎರಡನೇ ಮಾತು ಸುಳ್ಳಲ್ಲ. 1913ರಲ್ಲಿ ಸೇಂಟ್ ಮೇರೀಸ್ ನದಿಯ ಮೊಕದ್ದಮೆ ಬಂತು. ಸರ್ಕಾರ ತೆಗೆದುಕೊಂಡ ದಡದ ಜಮೀನಿನ ಮಾಲೀಕರು ಹರಿಯುವ ನೀರಿನ ಶಕ್ತಿಗೂ ದುಡ್ಡು ಕೊಡಿ ಅಂತ ಕೇಳಿದರು. ದೋಣಿ ಓಡುವ ನದಿಯ ಹರಿವು ಖಾಸಗಿ ಸೊತ್ತಲ್ಲ ಅಂತ ಅದೇ ಕೋರ್ಟ್ ಹೇಳಿತು. ಇದೂ ಸರಿಯೇ.

ದೋಣಿ ಓಡದ ಹಳ್ಳದ ಲೆಕ್ಕ ಬೇರೆ. ಕೆಂಟಕಿಯಲ್ಲಿ ಅಂಥ ಒಂದು ಹಳ್ಳಕ್ಕೆ ಗಿರಣಿಯವರ ಒಡ್ಡು ಇತ್ತು. ಸರ್ಕಾರ ದೊಡ್ಡ ನದಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಹಳ್ಳಕ್ಕೂ ನುಗ್ಗಿ, ಒಡ್ಡಿನ ನೆತ್ತಿಗೆ ಒಂದೇ ಅಡಿ ಕೆಳಗಿನವರೆಗೆ ನಿಂತಿತು. ಒಡ್ಡಿನ ಒಂದು ಕಲ್ಲೂ ಕದಲಲಿಲ್ಲ. ಆದರೆ ನೀರು ಬೀಳಲು ಎತ್ತರವೇ ಉಳಿಯದೆ ಗಿರಣಿ ನಿಂತಿತು. ಆ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು ಅಂತ 1917ರಲ್ಲಿ ತೀರ್ಪಾಯಿತು.