ಹಾಲು ಉಕ್ಕಿದ್ದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ಬೇರೆ ಓದುಗರಿಗಾಗಿ ವಿಷಯ ಮಾತ್ರ ಹೇಳಿಬಿಡುತ್ತೇನೆ. ಇವರು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. ಒಂದೇ ವಾರದಲ್ಲಿ ಎರಡು ಸಲ ಹಾಲು ಉಕ್ಕಿದೆ. ಫ್ರಿಜ್ ಬಾಗಿಲು ತೆಗೆದು, ಯಾಕೆ ತೆಗೆದೆ ಅಂತ ಗೊತ್ತಾಗದೆ ನಿಂತಿದ್ದಾರೆ. ಲೆಡ್ಜರಿನಲ್ಲಿ 5,400 ಬರೆಯುವ ಕಡೆ 4,500 ಬರೆದು ಎಲ್ಲರೆದುರು ಮಾತು ಕೇಳಿದ್ದಾರೆ. "ನನ್ನ ಬುದ್ಧಿ ಮಂಕಾಗ್ತಿದೆಯಾ ಸರ್? ಧ್ಯಾನ ಶುರು ಮಾಡ್ಲಾ?" ಇದು ಅವರ ಪ್ರಶ್ನೆ.

ಬುದ್ಧಿ ಮಂಕಾದವರು ಇಂಥ ಪತ್ರ ಬರೆಯಲಾರರು. ಅತ್ತೆಯ ಶುಗರ್ ಮಾತ್ರೆ ಯಾವಾಗ ಮುಗಿಯುತ್ತದೆ, ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲ್ ತರಬೇಕು, ಗ್ಯಾಸ್ ಬುಕ್ ಮಾಡಬೇಕು, ನಾದಿನಿಯ ಸೀಮಂತಕ್ಕೆ ಬ್ಲೌಸ್ ಹೊಲಿಯಲು ಕೊಟ್ಟಿದ್ದು ಏನಾಯಿತು, ಸಂಘದ ಆಡಿಟ್ ಯಾವತ್ತು... ಪೆನ್ಸಿಲ್ ಹಿಡಿದು ಎಣಿಸಿದೆ, ನಿಮ್ಮ ಎರಡು ಪುಟದಲ್ಲಿ ಇಂಥವು 17 ಇದ್ದವು. ಒಂದೊಂದೇ ನೋಡಿದರೆ ಯಾವುದೂ ಭಾರೀ ಕೆಲಸವಲ್ಲ. ಆದರೆ ಹದಿನೇಳನ್ನೂ ನೀವು ತಲೆಯಲ್ಲೇ ಹೊತ್ತು ಓಡಾಡುತ್ತಿದ್ದೀರಿ, ಒಲೆ ಮುಂದೆಯೂ, ಲೆಡ್ಜರಿನ ಮುಂದೆಯೂ, ಹಾಸಿಗೆಯಲ್ಲೂ.

"ನಂದು ದಿನಾ ಅಷ್ಟಾವಧಾನ" ಅಂತ ಬರೆದಿದ್ದೀರಲ್ಲ, ಆ ಮಾತಿಗೆ ಸ್ವಲ್ಪ ನಿಲ್ಲುತ್ತೇನೆ. ಅಷ್ಟಾವಧಾನ ಅಂದರೆ ಎಂಟು ಜನ ಒಡ್ಡುವ ಸವಾಲುಗಳಿಗೆ ಸಭೆಯಲ್ಲೇ ಉತ್ತರಿಸುವ, ಪದ್ಯ ಕಟ್ಟುವ ಕಲೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದ್ದರೆ ನಿಮಗೇ ಗೊತ್ತಿರುತ್ತದೆ. ಸುತ್ತ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕೂತಿರುತ್ತಾರೆ, ನಿಜ. ಆದರೆ ಅವಧಾನಿ ಎಂಟನ್ನೂ ಒಟ್ಟಿಗೆ ಮಾಡುವುದಿಲ್ಲ! ಸಮಸ್ಯೆಗೆ (ಕೊಟ್ಟ ವಿಚಿತ್ರ ಸಾಲಿಗೆ ಪದ್ಯ ಪೂರ್ತಿ ಮಾಡುವುದು) ಒಂದು ಸಾಲು ಹೇಳುತ್ತಾರೆ, ಆಮೇಲೆ ದತ್ತಪದಿಗೆ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು) ಒಂದು ಸಾಲು, ಹಾಗೇ ಮುಂದಿನವರ ಕಡೆ ತಿರುಗುತ್ತಾರೆ. ಹೀಗೆ ಸುತ್ತು ಸುತ್ತಾಗಿ ಪದ್ಯ ತುಂಬುತ್ತದೆ. ಅಪ್ರಸ್ತುತ ಪ್ರಸಂಗದವರು, ಅಂದರೆ ಗಮನ ಕೆಡಿಸಲೆಂದೇ ಸಂಬಂಧವಿಲ್ಲದ್ದು ಕೇಳುವವರು, ಅಡ್ಡ ಬಂದರೆ ಅವರಿಗೊಂದು ಉತ್ತರ ಕೊಟ್ಟು ಬಿಟ್ಟ ಜಾಗಕ್ಕೇ ವಾಪಸ್ ಬರುತ್ತಾರೆ. ಅದಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕು. ನಿಮ್ಮಿಂದ ಮನೆಯವರು ಕೇಳುತ್ತಿರುವುದು ಅದಕ್ಕಿಂತ ಜಾಸ್ತಿ: ಎಂಟೂ ಜನ ಒಂದೇ ಸಲ ಮಾತಾಡುತ್ತಾರೆ, ಜೊತೆಗೆ ಫೋನು ಬೇರೆ.

ಹಾಗಾಗಿ ಧ್ಯಾನಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿ. ನಾನು ಹಳೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಬರೆಯುತ್ತೇನೆ, ರಾತ್ರಿ ಊಟ ಆದ ಮೇಲೆ, ಹತ್ತು ನಿಮಿಷ. ತಲೆಯಲ್ಲಿ ಇರುವುದನ್ನೆಲ್ಲ ಇಳಿಸುವುದು. ಆದರೆ "ಅತ್ತೆ ಮಾತ್ರೆ" ಅಂತಷ್ಟೇ ಬರೆದರೆ ಸಾಲದು. "ಶನಿವಾರ ಸಂಘದಿಂದ ಬರುವಾಗ ಬಸ್‌ಸ್ಟ್ಯಾಂಡ್ ಮೆಡಿಕಲ್‌ನಲ್ಲಿ 30 ಮಾತ್ರೆ" ಅಂತ ಬರೆಯಿರಿ. ಈ ವ್ಯತ್ಯಾಸ ಸಣ್ಣದಲ್ಲ. ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 2011ರಲ್ಲಿ ಇದನ್ನೇ ತೋರಿಸಿದರು. ಬಾಕಿ ಉಳಿದ ಕೆಲಸದ ಯೋಚನೆ, ಜನ ಬೇರೇನೋ ಓದುತ್ತಿದ್ದಾಗ ಮಧ್ಯೆ ನುಗ್ಗುತ್ತಿತ್ತು. ಯಾವಾಗ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಬರೆದವರಿಗೆ ಆ ಕಾಟ ತಪ್ಪಿತು, ಕೆಲಸ ಇನ್ನೂ ಆಗದೇ ಇದ್ದರೂ.

ಲೆಡ್ಜರಿನ ತಪ್ಪಿನ ಬಗ್ಗೆ ಒಂದು ಮಾತು. ಅಂಕಿ ಬರೆಯುತ್ತಿದ್ದಾಗ ಮಕ್ಕಳ ಶಾಲೆಯ ಗ್ರೂಪಿನ ಮೆಸೇಜ್ ನೋಡಿದೆ ಅಂದಿದ್ದೀರಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮೊದಲಿನದರ ಎಳೆ ಮನಸ್ಸಿನಲ್ಲೇ ಉಳಿಯುತ್ತದೆ. ನೋಡಿದ್ದು ಅರ್ಧ ನಿಮಿಷವೇ ಇರಬಹುದು, ಮನಸ್ಸು ವಾಪಸ್ ಬರಲು ಜಾಸ್ತಿ ಹೊತ್ತು ಬೇಕು. ಲೆಕ್ಕ ಬರೆಯುವಾಗ ಫೋನು ಬ್ಯಾಗಿನಲ್ಲಿರಲಿ. ಪುಟ ಮುಗಿಸಿ ನೋಡಿ. ಶಾಲೆಯಲ್ಲಿ ನಿಜವಾಗಿ ತುರ್ತು ಬಂದರೆ ಅವರು ಫೋನ್ ಮಾಡುತ್ತಾರೆ.

ಇನ್ನು ನನಗೆ ಬೇಸರ ತರಿಸಿದ ಸಾಲು: "ನಮ್ಮನೆಯವರು ಒಳ್ಳೆಯವರು, ಹೇಳಿದ್ರೆ ಮಾಡ್ತಾರೆ." ಹೇಳಬೇಕಲ್ಲ ತಂಗಿ! ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ, ಅದು ಪೂರ್ತಿ ನಿಮ್ಮ ಪಾಲಿಗೇ ಉಳಿದಿದೆ. ಗ್ಯಾಸ್ ಮತ್ತು ಅತ್ತೆಯ ಮಾತ್ರೆ ಎರಡನ್ನೂ ಬುಡಸಮೇತ ಅವರಿಗೆ ಒಪ್ಪಿಸಿ, ಮುಗಿಯುತ್ತಿದೆಯಾ ಅಂತ ನೋಡುವುದೂ ಅವರದ್ದೇ. ಮೊದಲ ತಿಂಗಳು ಅವರು ಮರೆಯಬಹುದು. ಮಾತ್ರೆ ತಪ್ಪಬಾರದು, ಹಾಗಾಗಿ ಒಂದು ವಾರದ್ದು ಹೆಚ್ಚಿಗೆ ತಂದಿಡಿ. ಗ್ಯಾಸ್ ಒಂದು ದಿನ ಖಾಲಿಯಾದರೆ ಆಗಲಿ, ನೀವು ನೆನಪಿಸಲು ಹೋಗಬೇಡಿ.

ಧ್ಯಾನ ಬೇಡ ಅನ್ನುತ್ತಿಲ್ಲ, ಮನಸ್ಸಿಗೆ ಹಿಡಿಸಿದರೆ ಮಾಡಿ. ಆದರೆ ಮೂರು ತಿಂಗಳಿಂದ ಸುಸ್ತು, ನಿದ್ದೆ ಸರಿಯಿಲ್ಲ ಅಂತಲೂ ಬರೆದಿದ್ದೀರಿ. ಥೈರಾಯ್ಡ್ ಏರುಪೇರಾದರೆ, ಬಿ12 ಅಥವಾ ರಕ್ತ ಕಡಿಮೆಯಾದರೆ ಹೀಗೇ ಮರೆವು, ಸುಸ್ತು ಬರುತ್ತದೆ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಳು ಬರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ರಕ್ತ ಪರೀಕ್ಷೆಯನ್ನು ಹದಿನೆಂಟನೆಯದಾಗಿ ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಯಾವ ದಿನ, ಎಷ್ಟು ಗಂಟೆಗೆ ಅಂತ ಈಗಲೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.