ಸಂಪಾದಕರ ಉತ್ತರ: ಆ ಕೆಟ್ಟ ಸಿನಿಮಾವನ್ನು ನಾಲ್ಕನೇ ಸಲ ಯಾಕೆ ನೋಡಿದೆ?

ಪ್ರಿಯ ಓದುಗರೇ,

ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಹೋದ ಸಂಚಿಕೆಯಲ್ಲಿ 1980ರ ‘ಝನಾಡು’ ಎಂಬ ಅಮೆರಿಕನ್ ಮ್ಯೂಸಿಕಲ್, ಅಂದರೆ ಹಾಡು-ಕುಣಿತದ ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದನ್ನು ನಂಬಿ ನೀವು ಸಿನಿಮಾ ನೋಡಿದ್ದೀರಿ. “ಒಂದೂವರೆ ಗಂಟೆ ದಂಡ. ಕೆಟ್ಟದ್ದು ಅಂತಲೂ ನೀವೇ ಬರೀತೀರಿ, ನೋಡಿ ಅಂತಲೂ ನೀವೇ ಹೇಳ್ತೀರಿ, ಯಾವುದಾದರೂ ಒಂದು ಹೇಳಿ” ಎಂದು ಕೇಳಿದ್ದೀರಿ. ಒಂದನ್ನೇ ಹೇಳಿ ಮುಗಿಸಲು ಆಗುವುದಿಲ್ಲ, ನನ್ನ ಪೇಚೂ ಅದೇ.

ಮೊದಲು ನಿಮ್ಮ ದೂರನ್ನು ಪೂರ್ತಿ ಒಪ್ಪಿಕೊಂಡುಬಿಡುತ್ತೇನೆ. ಗ್ರೀಕ್ ಪುರಾಣದ ಕಲಾದೇವತೆಯೊಬ್ಬಳು ಗೋಡೆಯ ಚಿತ್ರದಿಂದ ಇಳಿದು, ಕಾಲಿಗೆ ರೋಲರ್ ಸ್ಕೇಟ್ ಕಟ್ಟಿಕೊಂಡು ಲಾಸ್ ಏಂಜಲೀಸ್ ಸುತ್ತುತ್ತಾಳೆ, ಕೆಲಸದಲ್ಲಿ ಬೇಸತ್ತ ಚಿತ್ರಕಾರನಿಗೆ ಸ್ಫೂರ್ತಿ ಕೊಡುತ್ತಾಳೆ. ಯಾವುದಕ್ಕೆ? ರೋಲರ್ ಡಿಸ್ಕೋ, ಅಂದರೆ ಸ್ಕೇಟ್ ಕಟ್ಟಿಕೊಂಡು ಕುಣಿಯುವ ಕ್ಲಬ್ ಒಂದನ್ನು ತೆರೆಯುವುದಕ್ಕೆ! ನಡುವೆ ಇದ್ದಕ್ಕಿದ್ದಂತೆ ಕಾರ್ಟೂನ್ ಶುರುವಾಗಿ ಇಬ್ಬರೂ ಮೀನಾಗುತ್ತಾರೆ, ಹಕ್ಕಿಯಾಗುತ್ತಾರೆ. ಯಾಕೆ ಅಂತ ಕೇಳಬೇಡಿ. ಇದನ್ನೂ ಅದೇ ವರ್ಷದ ಇನ್ನೊಂದು ಡಿಸ್ಕೋ ಮ್ಯೂಸಿಕಲ್ಲನ್ನೂ ಒಟ್ಟಿಗೆ ನೋಡಿದ್ದೇ ಜಾನ್ ವಿಲ್ಸನ್ ಎಂಬವರಿಗೆ ಕೆಟ್ಟ ಸಿನಿಮಾಗಳ ರ‍್ಯಾಝಿ ಪ್ರಶಸ್ತಿಯ ಯೋಚನೆ ಹುಟ್ಟಿಸಿತು. 1981ರಲ್ಲಿ ಮೊದಲ ಸಲ ಅದನ್ನು ಕೊಟ್ಟಾಗ ಅತಿ ಕೆಟ್ಟ ನಿರ್ದೇಶಕ ಎನಿಸಿಕೊಂಡದ್ದು ಈ ಸಿನಿಮಾದ ರಾಬರ್ಟ್ ಗ್ರೀನ್‌ವಾಲ್ಡ್.

ಆದರೆ ಹಾಡುಗಳು? ಅರ್ಧ ಹಾಡು ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಎಂಬ ರಾಕ್ ಬ್ಯಾಂಡಿನ ಜೆಫ್ ಲಿನ್ ಅವರದು, ಇನ್ನರ್ಧ ಜಾನ್ ಫ್ಯಾರರ್ ಅವರದು. ಕಲಾದೇವತೆಯ ಪಾತ್ರ ಮಾಡಿದ ಒಲಿವಿಯಾ ನ್ಯೂಟನ್-ಜಾನ್ ಹಾಡಿದ ‘ಮ್ಯಾಜಿಕ್’ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಬೇರೆ ಕೆಟ್ಟ ಸಿನಿಮಾ ಒಮ್ಮೆ ಮುಗ್ಗರಿಸಿದರೆ ಮುಗೀತು, ಮೇಲೆ ಎತ್ತುವವರು ಯಾರೂ ಇರುವುದಿಲ್ಲ. ಮ್ಯೂಸಿಕಲ್‌ನಲ್ಲಿ ಹಾಗಲ್ಲ, ಮಾತು ಸತ್ತ ಜಾಗದಲ್ಲೇ ಹಾಡು ಶುರುವಾಗುತ್ತದೆ, ಐದು ನಿಮಿಷ ನೀವು ಎಲ್ಲವನ್ನೂ ಕ್ಷಮಿಸುತ್ತೀರಿ, ಆಮೇಲೆ ಮತ್ತೆ ಮಾತು ಬಂದು ತಲೆ ಚಚ್ಚಿಕೊಳ್ಳುತ್ತೀರಿ.

ನೀವು ನೋಡದೆ ಮುಂದಕ್ಕೆ ಓಡಿಸಿಬಿಟ್ಟೆ ಎಂದು ಬರೆದ ದೃಶ್ಯವನ್ನೇ ತೆಗೆದುಕೊಳ್ಳಿ. ಖಾಲಿ ಬಿದ್ದ ಕಟ್ಟಡದಲ್ಲಿ ಆ ಚಿತ್ರಕಾರ ಹುಡುಗನೂ ಅವನ ಹಿರಿಯ ಜೊತೆಗಾರನೂ ನಿಂತು ತಮ್ಮ ತಮ್ಮ ಕ್ಲಬ್ ಕಲ್ಪಿಸಿಕೊಳ್ಳುತ್ತಾರೆ. ಹಿರಿಯನಿಗೆ 1940ರ ದಶಕದ ಬ್ಯಾಂಡ್ ಬೇಕು, ಹುಡುಗನಿಗೆ ರಾಕ್ ಬೇಕು. ಎರಡೂ ಬ್ಯಾಂಡ್ ಬೇರೆ ಬೇರೆ ವೇದಿಕೆಯ ಮೇಲೆ ನುಡಿಸುತ್ತವೆ, ಮೆಲ್ಲಗೆ ವೇದಿಕೆಗಳೇ ಜರುಗಿ ಒಂದಕ್ಕೊಂದು ಸೇರುತ್ತವೆ, ಎರಡು ಹಾಡೂ ಒಂದೇ ಹಾಡಾಗುತ್ತದೆ. ಐಡಿಯಾ ಪೆದ್ದು. ಕೆಲಸ ಮಾತ್ರ ಅಪ್ಪಟ. ಆ ಹಿರಿಯ ಯಾರು ಗೊತ್ತಲ್ವಾ? ಹಾಲಿವುಡ್‌ನ ಹಳೆಯ ಮ್ಯೂಸಿಕಲ್‌ಗಳ ನೃತ್ಯತಾರೆ ಜೀನ್ ಕೆಲ್ಲಿ. ಅರವತ್ತೇಳರ ವಯಸ್ಸಿನಲ್ಲಿ ಸ್ಕೇಟ್ ಹಾಕಿಕೊಂಡು ನಗುತ್ತಾ ಬರುವ ಆತನ ಮುಖದಲ್ಲಿ ‘ಏನೋ ಸುಮ್ನೆ ಮಾಡ್ತಿದೀನಿ’ ಎನ್ನುವ ಭಾವ ಒಂದು ಕ್ಷಣವೂ ಇಲ್ಲ.

ನನ್ನನ್ನು ಹಿಡಿದದ್ದು ಇದೇ. ‘ಇದೆಲ್ಲಾ ತಮಾಷೆಗೆ’ ಎಂದು ಯಾರೂ ನಮಗೆ ಕಣ್ಣು ಹೊಡೆಯುವುದಿಲ್ಲ. ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ 1964ರಲ್ಲೇ ಇಂಥ ಅತಿರೇಕವನ್ನು ಮೆಚ್ಚುವ ‘ಕ್ಯಾಂಪ್’ ಎಂಬ ರುಚಿಯ ಬಗ್ಗೆ ಬರೆಯುತ್ತಾ, ಅದರ ಅಸಲಿ ರೂಪ ಯಾವಾಗಲೂ ಮುಗ್ಧ, ತನ್ನ ಬಗ್ಗೆ ಅದಕ್ಕೇ ಗೊತ್ತಿರುವುದಿಲ್ಲ ಎಂದಿದ್ದರು. ಬೇಕೆಂದೇ ಕೆಟ್ಟದಾಗಿ ತೆಗೆದ ಸಿನಿಮಾಗಳು ನನಗೆ ಹತ್ತು ನಿಮಿಷಕ್ಕೇ ಬೇಜಾರಾಗುವುದು ಅದಕ್ಕೇ ಇರಬೇಕು. ನಗು ಬರಲಿ ಎಂದು ಬಿದ್ದವನನ್ನು ನೋಡಿ ನಗೋದು ಕಷ್ಟ. 2007ರಲ್ಲಿ ಇದೇ ಕಥೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ನಾಟಕವಾಯಿತು, ತನ್ನನ್ನೇ ಗೇಲಿ ಮಾಡಿಕೊಂಡು ಗೆದ್ದಿತು, ಟೋನಿ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು. ಜಾಣ ಕೆಲಸ, ಒಪ್ಪುತ್ತೇನೆ. ನನಗೆ ಬೇಕಾದದ್ದು ಆ ಪೆದ್ದು ಸಿನಿಮಾನೇ.

ಹಾಗಾಗಿ ಒಂದು ಬೇಡಿಕೆ. ಇನ್ನೊಮ್ಮೆ ನೋಡಿ, ಒಬ್ಬರೇ ಬೇಡ, ಜೋರಾಗಿ ನಗುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆ ಎರಡು ಬ್ಯಾಂಡಿನ ದೃಶ್ಯವನ್ನು ಓಡಿಸಬೇಡಿ. ನಾಯಕನ ನಟನೆ ಬಗ್ಗೆ ನೀವು ಬರೆದ ಎರಡು ಪುಟಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

– ಸಂ.